ಒರಟು ಗೆರೆಯ ಲೆಕ್ಕಾಚಾರ

‘ಸೌತ್ ಪಾರ್ಕ್’ ಅಮೆರಿಕದ ಟಿವಿ ಕಾರ್ಟೂನ್ ಸರಣಿ. 1997ರ ಆಗಸ್ಟ್ 13ರಂದು ಕಾಮಿಡಿ ಸೆಂಟ್ರಲ್ ಚಾನೆಲ್‌ನಲ್ಲಿ ಶುರುವಾದದ್ದು ಇನ್ನೂ ನಿಂತಿಲ್ಲ. ಕೊಲರಾಡೊದ ಬೆಟ್ಟಗಳ ನಡುವೆ ಹಿಮ ಹೊದ್ದು ಕೂತ ಒಂದು ಕಲ್ಪಿತ ಊರು, ಅಲ್ಲಿನ ಪ್ರಾಥಮಿಕ ಶಾಲೆಯ ನಾಲ್ವರು ಹುಡುಗರು: ಸ್ಟ್ಯಾನ್, ಕೈಲ್, ಕಾರ್ಟ್‌ಮನ್, ಕೆನ್ನಿ. ಬಾಯಿ ಬಿಟ್ಟರೆ ಬೈಗುಳ, ಇಲ್ಲವೇ ಮಲಮೂತ್ರದ ಮಾತು. ದೇವರು, ಧರ್ಮ, ರಾಜಕಾರಣಿ, ಸಿನಿಮಾ ನಟ ಯಾರನ್ನೂ ಬಿಡದ ಗೇಲಿ. ಪಾತ್ರಗಳೆಲ್ಲ ಮಕ್ಕಳೇ ಆದರೂ ಇದು ಮಕ್ಕಳಿಗೆ ತೋರಿಸುವಂಥ ಕಾರ್ಟೂನ್ ಅಲ್ಲ. ಈ ಸರಣಿಯನ್ನು ರೋಲ್ ಪ್ಲೇಯಿಂಗ್ ವಿಡಿಯೊ ಗೇಮ್ ಆಗಿಸುವ, ಎಂದರೆ ನೋಡುತ್ತಿದ್ದವನನ್ನೇ ಆ ಊರಿನ ಒಬ್ಬ ಹುಡುಗನನ್ನಾಗಿ ಮಾಡಿ ಬೀದಿಗೆ ಬಿಡುವ ಕೆಲಸ 2009ರಲ್ಲಿ ಆರಂಭವಾಗಿ 2014ರ ಮಾರ್ಚ್‌ನಲ್ಲಿ ಮುಗಿಯಿತು. ಆಟದ ಹೆಸರು ‘ದ ಸ್ಟಿಕ್ ಆಫ್ ಟ್ರೂತ್’. ಒರಟಾದದ್ದನ್ನು ಒರಟಾಗಿಯೇ ಉಳಿಸಿಕೊಳ್ಳುವುದು ತಾಂತ್ರಿಕವಾಗಿ ಎಷ್ಟು ಕಷ್ಟದ ಕೆಲಸ ಎಂಬುದನ್ನು ಇಷ್ಟು ಚೆನ್ನಾಗಿ ತೋರಿಸಿಕೊಟ್ಟ ಆಟ ಇನ್ನೊಂದು ಸಿಗುವುದು ಕಷ್ಟ.

ಸರಣಿಯ ಒರಟುತನ ಹುಟ್ಟಿದ್ದು ಬಡತನದಿಂದ. ಟ್ರೇ ಪಾರ್ಕರ್ ಮತ್ತು ಮ್ಯಾಟ್ ಸ್ಟೋನ್ ಕೊಲರಾಡೊ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದಾಗ, 1992ರಲ್ಲಿ, ಬಣ್ಣದ ದಪ್ಪ ಕಾಗದ ಕತ್ತರಿಸಿ ಅಂಟಿಸಿ ಒಂದು ಕಿರುಚಿತ್ರ ಮಾಡಿದರು. ಗೊಂಬೆಯನ್ನು ಕ್ಯಾಮೆರಾದ ಕೆಳಗೆ ಮಲಗಿಸಿ ಒಂದು ಚಿತ್ರ ತೆಗೆಯುವುದು, ಕೈಯನ್ನೋ ಬಾಯನ್ನೋ ಕೂದಲೆಳೆಯಷ್ಟು ಸರಿಸಿ ಮತ್ತೊಂದು ತೆಗೆಯುವುದು. ಹೀಗೆ ತೆಗೆದ ಸಾವಿರಾರು ಚಿತ್ರ ಸಾಲಾಗಿ ಓಡಿದರೆ ಗೊಂಬೆ ಮಾತಾಡಿದ ಹಾಗೆ ಕಾಣುತ್ತದೆ. ಟಿವಿ ಸರಣಿಯ ಮೊದಲ ಕಂತನ್ನೂ ಇದೇ ರೀತಿ ಕಾಗದದಲ್ಲಿ ಮಾಡಿದ್ದು. ಇಪ್ಪತ್ತೆರಡು ನಿಮಿಷದ ಆ ಕಂತಿಗೆ ಮೂರು ತಿಂಗಳು ಹಿಡಿಯಿತು. ವಾರಕ್ಕೊಂದು ಕಂತು ಕೊಡಬೇಕಾದವರಿಗೆ ಅದು ಆಗಹೋಗದ ಮಾತು. ಕೆಲಸ ಕಂಪ್ಯೂಟರಿಗೆ ಹೋಯಿತು. ಕೆಲವು ವರ್ಷಗಳಲ್ಲಿ ‘ಮಾಯಾ’ ಎಂಬ ಸಾಫ್ಟ್‌ವೇರ್ ಬಂತು. ಹಾಲಿವುಡ್ಡಿನವರು ಮೂರು ಆಯಾಮದ ಮೃಗಗಳನ್ನೂ ಯಂತ್ರಗಳನ್ನೂ ಸೃಷ್ಟಿಸಲು ಬಳಸುವ ದುಬಾರಿ ತಂತ್ರಾಂಶ ಅದು. ಇವರು ಅದರೊಳಗೆ ಮಾಡಿದ್ದು ಕಾಗದದ ಚೂರಿನಂಥ ತೆಳ್ಳನೆಯ ಹಾಳೆಗಳನ್ನು ಒಂದರ ಮೇಲೊಂದು ಪೇರಿಸುವುದನ್ನು. ಟೋಪಿ ಒಂದು ಹಾಳೆ, ಕಣ್ಣು ಇನ್ನೊಂದು, ತುಟಿಗೆ ಒಂದೊಂದು ಉಚ್ಚಾರಕ್ಕೂ ಒಂದೊಂದು ಹಾಳೆ. ಕಂತಿನ ಕಥೆ ಬರೆಯುವುದರಿಂದ ಹಿಡಿದು ಪ್ರಸಾರದವರೆಗಿನ ಕೆಲಸ ಆರು ದಿನದಲ್ಲಿ ಮುಗಿಯತೊಡಗಿತು. ಸೋಮವಾರದ ಸುದ್ದಿ ಬುಧವಾರದ ಕಂತಿನಲ್ಲಿ ಗೇಲಿಯಾಗಿ ಬರಲು ಸಾಧ್ಯವಾದದ್ದು ಈ ಹಾಳೆಗಳಿಂದ.

ಚಪ್ಪಟೆ ಗೊಂಬೆಯಿಂದ ಒರಟು ನಗೆ ಹುಟ್ಟಿಸುವುದು ಕನ್ನಡ ನಾಡಿಗೆ ಹೊಸದಲ್ಲ. ತೊಗಲುಗೊಂಬೆಯಾಟದ ಕಿಳ್ಳೇಕ್ಯಾತ ಈ ಕುಲದ ಹಿರಿಯ. ಡೊಳ್ಳು ಹೊಟ್ಟೆ, ಕಪ್ಪು ಮೈ, ಕೆದರಿದ ಕೂದಲು, ಪಕ್ಕದಲ್ಲಿ ಜಗಳಗಂಟಿ ಹೆಂಡತಿ ಬಂಗಾರಕ್ಕ. ರಾಮಾಯಣದ ಗಂಭೀರ ಸನ್ನಿವೇಶದ ನಡುವೆ ಇಬ್ಬರೂ ಪರದೆಗೆ ನುಗ್ಗಿ, ಊರ ಗೌಡನನ್ನೂ ಬಿಡದೆ, ಮನೆಮಂದಿ ಒಟ್ಟಿಗೆ ಕೂತು ಕೇಳಲು ಮುಜುಗರವಾಗುವಂಥ ಮಾತಾಡಿ ಹೋಗುತ್ತಾರೆ. ಆಟ ಆಡಿಸುವ ಸಮುದಾಯಕ್ಕೇ ಈ ಗೊಂಬೆಯ ಹೆಸರು ಅಂಟಿಕೊಂಡಿದೆ. ಹದ ಮಾಡಿದ ಮೇಕೆ ಚರ್ಮದ ಗೊಂಬೆಗೆ ಬೆನ್ನಿಲ್ಲ, ಆಳವಿಲ್ಲ. ಎದುರಿನ ಪರದೆಯೊಂದೇ ಅದರ ಲೋಕ. ಅದು ಮಾಡಬಹುದಾದ ಚಲನೆಗಳು ಕೆಲವೇ ಕೆಲವು. ನಗೆ ಬರುವುದು ಆ ಕೊರತೆಯಿಂದಲೇ. ಬಾಯಲ್ಲಿ ಬೆಟ್ಟದಂಥ ಮಾತು, ಮೈಯಲ್ಲಿ ಎರಡೇ ಕುಣಿತ.

ಸೌತ್ ಪಾರ್ಕ್ ಹುಡುಗರಿಗೂ ಇಂಥ ಕಟ್ಟಳೆಗಳಿವೆ. ಮುಖ ನೇರ, ಓರೆ ಅಥವಾ ಪಕ್ಕಕ್ಕೆ ಇರಬಹುದು. ನಡುವಿನ ಕೋನ ಇಲ್ಲ. ನಡೆಯುವಾಗ ಮಂಡಿ ಮಡಚುವುದಿಲ್ಲ, ಇಡೀ ದೇಹ ಎಡಕ್ಕೂ ಬಲಕ್ಕೂ ವಾಲುತ್ತ ಕುಪ್ಪಳಿಸುತ್ತದೆ. ದೂರ ಹೋದವನು ಚಿಕ್ಕವನಾಗಬೇಕೆಂಬ ನಿಯಮ ಅಷ್ಟಕ್ಕಷ್ಟೇ. ಇವೆಲ್ಲ ಎಲ್ಲಿಯೂ ಶಾಸನವಾಗಿ ಬರೆದಿಟ್ಟವಲ್ಲ; ಆದರೆ ಒಂದು ಮುರಿದರೂ ನೋಡುವವನಿಗೆ ‘ಇದು ಅವರಲ್ಲ’ ಎಂದು ತಕ್ಷಣ ಗೊತ್ತಾಗುತ್ತದೆ.

ಈ ಕಟ್ಟಳೆಗಳನ್ನು ಗಮನಿಸದೆ ಮಾಡಿದ ಆಟಗಳು ಮೊದಲು ಬಂದವು. ಸರಣಿ ಶುರುವಾದ ಮರುವರ್ಷವೇ, 1998ರ ಕೊನೆಯಲ್ಲಿ, ಅಕ್ಲೇಮ್ ಕಂಪನಿ ನಿಂಟೆಂಡೊ 64 ಯಂತ್ರಕ್ಕೆ ಒಂದು ಸೌತ್ ಪಾರ್ಕ್ ಆಟ ಬಿಡುಗಡೆ ಮಾಡಿತು. ಡೈನೋಸಾರ್ ಬೇಟೆಯ ‘ಟುರೋಕ್’ ಆಟಗಳಿಗೆ ಬಳಸಿದ್ದ ತಂತ್ರವನ್ನೇ ತಿರುಗಿಸಿ ಬಳಸಿದ್ದರು. ಹುಡುಗರು ಗುಂಡಗೆ ಊದಿಕೊಂಡ ಮೂರು ಆಯಾಮದ ಬೊಂಬೆಗಳಾದರು. ಆಟಗಾರ ಮಂಜು ಕವಿದ ಬಯಲಿನಲ್ಲಿ ಹಿಮದ ಉಂಡೆ ಎಸೆಯುತ್ತ ಟರ್ಕಿ ಕೋಳಿಗಳನ್ನು ಹೊಡೆಯಬೇಕಿತ್ತು. ಮರುವರ್ಷ ಒಂದು ಕ್ವಿಜ್ ಆಟ, ಅದರ ಬೆನ್ನಿಗೇ ಒಂದು ಕಾರ್ ರೇಸ್. ಧ್ವನಿ ಅದೇ, ಹೆಸರು ಅದೇ, ಅಂಗಿ ಟೋಪಿ ಅದೇ. ಹೊರಮೈ ಬಂತು, ಕಟ್ಟಳೆ ಬರಲಿಲ್ಲ. ಪಾರ್ಕರ್ ಮತ್ತು ಸ್ಟೋನ್ ಇಬ್ಬರಿಗೂ ಈ ಆಟಗಳು ರುಚಿಸಲಿಲ್ಲ. ಮುಂದೆ ಹಲವು ವರ್ಷ ಅವರು ಆಟದ ಕಂಪನಿಗಳಿಂದ ದೂರವೇ ಉಳಿದರು.

ನಡುವೆ ಗಾಳಿ ಎದುರು ದಿಕ್ಕಿನಲ್ಲಿ ಬೀಸಿತು. 2006ರ ಅಕ್ಟೋಬರ್‌ನಲ್ಲಿ ಬಂದ ಒಂದು ಕಂತಿನಲ್ಲಿ ಹುಡುಗರು ‘ವರ್ಲ್ಡ್ ಆಫ್ ವಾರ್‌ಕ್ರಾಫ್ಟ್’ ಆಡುತ್ತ ಕೂರುತ್ತಾರೆ. ಆಟದೊಳಗಿನ ದೃಶ್ಯಗಳನ್ನು ಆ ಆಟದ ಕಂಪನಿಯಾದ ಬ್ಲಿಝಾರ್ಡ್‌ನ ನೆರವಿನಿಂದ ಆಟದೊಳಗೇ ಚಿತ್ರಿಸಿಕೊಳ್ಳಲಾಯಿತು. ಕಂತಿಗೆ ಎಮ್ಮಿ ಪ್ರಶಸ್ತಿ ಬಂತು. ಟಿವಿಯವರಿಗೆ ವಿಡಿಯೊ ಗೇಮಿನ ಒಳಗುಟ್ಟು ಚೆನ್ನಾಗಿಯೇ ಗೊತ್ತಿದೆ ಎಂಬುದು ಅಲ್ಲಿಗೆ ಜಗಜ್ಜಾಹೀರಾಯಿತು.

2009ರಲ್ಲಿ ಪಾರ್ಕರ್ ಕಡೆಯಿಂದ ಕ್ಯಾಲಿಫೋರ್ನಿಯಾದ ಅಬ್ಸಿಡಿಯನ್ ಎಂಟರ್‌ಟೇನ್‌ಮೆಂಟ್ ಕಂಪನಿಗೆ ಫೋನ್ ಹೋಯಿತು. ಯಾರೋ ತಮಾಷೆ ಮಾಡುತ್ತಿದ್ದಾರೆ ಎಂದೇ ಅವರು ಮೊದಲು ಎಣಿಸಿದ್ದು. ಅಬ್ಸಿಡಿಯನ್ ಗಂಭೀರ ರೋಲ್ ಪ್ಲೇಯಿಂಗ್ ಆಟಗಳಿಗೆ ಹೆಸರಾದ ಮನೆ. ‘ಫಾಲೌಟ್: ನ್ಯೂ ವೇಗಸ್’ ಅವರದೇ. ಪಾರ್ಕರ್ ಇಟ್ಟ ಷರತ್ತು ಒಂದೇ: ಆಟ ಟಿವಿ ಕಂತಿನ ಹಾಗೆಯೇ ಕಾಣಬೇಕು. ಪಕ್ಕದ ಕೋಣೆಯಿಂದ ಬಂದವರಿಗೆ ಕಂತು ಓಡುತ್ತಿದೆಯೋ ಆಟ ಓಡುತ್ತಿದೆಯೋ ಗೊತ್ತಾಗಬಾರದು.

ಷರತ್ತು ಸಣ್ಣದಾಗಿ ಕಾಣುತ್ತದೆ. ಆದರೆ ಆಟದ ಎಂಜಿನ್ ಎಂಬುದು ಇದಕ್ಕೆ ತದ್ವಿರುದ್ಧವಾದ ಕೆಲಸಕ್ಕೆ ಕಟ್ಟಿದ ಯಂತ್ರ. ಬೆಳಕು ಬಿದ್ದ ಕಡೆ ಹೊಳೆಯಿಸುವುದು, ನೆರಳು ಬೀಳಿಸುವುದು, ಒಂದು ಭಂಗಿಯಿಂದ ಇನ್ನೊಂದಕ್ಕೆ ನುಣುಪಾಗಿ ಜಾರಿಸುವುದು ಅದರ ಹುಟ್ಟುಗುಣ. ಅಬ್ಸಿಡಿಯನ್‌ನವರ ‘ಆನಿಕ್ಸ್’ ಎಂಜಿನ್ 2011ರ ‘ಡಂಜನ್ ಸೀಜ್ 3’ ಎಂಬ ಮೂರು ಆಯಾಮದ ಆಟಕ್ಕೆಂದು ಸಿದ್ಧವಾದದ್ದು. ಈಗ ಅದರ ಒಂದೊಂದೇ ಚಂದವನ್ನು ತೆಗೆದುಹಾಕಬೇಕಾಯಿತು. ಜಾರುವ ಚಲನೆಯ ಜಾಗದಲ್ಲಿ ಥಟ್ಟನೆ ಬದಲಾಗುವ ಭಂಗಿ ಬಂತು. ಕ್ಯಾಮೆರಾ ಸುತ್ತುವಂತಿಲ್ಲ, ಪಕ್ಕಕ್ಕೆ ಸರಿಯಬೇಕು ಅಷ್ಟೆ. ವರ್ಷಗಟ್ಟಲೆ ಚಲನೆಯನ್ನು ಸಹಜವಾಗಿಸಲು ಕಲಿತ ಕಲಾವಿದರು ತಮ್ಮ ಕೈಯ ಅಭ್ಯಾಸವನ್ನೇ ತಡೆಹಿಡಿಯಬೇಕಿತ್ತು. ಇನ್ನೊಬ್ಬರ ಗೆರೆಗೆ ತಮ್ಮ ಗೆರೆ ಹೊಂದಿಸುವ ಈ ಕೆಲಸವನ್ನು ಬೆಂಗಳೂರಿನ ಆಟದ ಕಲಾವಿದರು ಚೆನ್ನಾಗಿ ಬಲ್ಲರು: ರಾಜೇಶ್ ರಾವ್ ಕಟ್ಟಿದ, 2019ರಲ್ಲಿ ರಾಕ್‌ಸ್ಟಾರ್ ಕಂಪನಿಯ ಪಾಲಾದ ಧ್ರುವ ಇಂಟರಾಕ್ಟಿವ್ ಎರಡು ದಶಕ ಬದುಕಿದ್ದೇ ಬಹುಮಟ್ಟಿಗೆ ಪರದೇಶದ ಆಟಗಳಿಗೆ ಚಿತ್ರ ಒದಗಿಸಿ. ಆದರೆ ಅಲ್ಲಿಗೆ ಬರುತ್ತಿದ್ದ ಬೇಡಿಕೆ ಸಾಮಾನ್ಯವಾಗಿ ‘ಇನ್ನೂ ನಿಜದ ಹಾಗೆ’ ಎಂಬುದು. ‘ಇನ್ನೂ ಕೆಟ್ಟದಾಗಿ’ ಎಂಬ ಬೇಡಿಕೆ ಈ ಉದ್ಯಮದಲ್ಲಿ ಅಪರೂಪ.

ಚಿತ್ರ ಹೊಂದಿದ ಮೇಲೆ ಊರಿನ ಪ್ರಶ್ನೆ ಎದ್ದಿತು. ಹದಿನೈದು ವರ್ಷ ಓಡಿದ್ದರೂ ಸೌತ್ ಪಾರ್ಕ್ ಊರಿಗೆ ಒಂದು ನಕ್ಷೆ ಇರಲಿಲ್ಲ. ಬೇಕೂ ಇರಲಿಲ್ಲ. ಸಕಲೇಶಪುರದ ಬಳಿಯ ಬೆಳಗೋಡಿನಲ್ಲಿ ನಡೆಯುವ ಒಂದು ಟಿವಿ ಧಾರಾವಾಹಿ ಇದೆ ಎಂದಿಟ್ಟುಕೊಂಡರೆ, ಈ ದೃಶ್ಯ ಕಾಫಿ ತೋಟದಲ್ಲಿ, ಮುಂದಿನದು ಬಸ್ ನಿಲ್ದಾಣದಲ್ಲಿ, ಅದರ ಮುಂದಿನದು ಶಾಲೆಯ ಜಗಲಿಯಲ್ಲಿ ನಡೆದರೆ ಸಾಕು. ಶಾಲೆ ನಿಲ್ದಾಣದ ಎಡಕ್ಕೋ ಬಲಕ್ಕೋ ಎಂದು ನೋಡುವವರು ಕೇಳುವುದಿಲ್ಲ. ಅದೇ ಬೆಳಗೋಡನ್ನು ಆಟ ಮಾಡಿದರೆ ಆಟಗಾರ ತೋಟದಿಂದ ಹೊರಟು ಶಾಲೆಗೆ ತಾನೇ ನಡೆದು ಹೋಗುತ್ತಾನೆ. ದಾರಿಯಲ್ಲಿ ಯಾರ ಮನೆ, ಯಾರ ಅಂಗಡಿ, ಯಾವ ಬಾಗಿಲು ತೆರೆಯುತ್ತದೆ, ಯಾವುದಕ್ಕೆ ಬೀಗ, ಎಲ್ಲವನ್ನೂ ಯಾರಾದರೊಬ್ಬರು ತೀರ್ಮಾನಿಸಿರಬೇಕು. ಅಬ್ಸಿಡಿಯನ್‌ನವರು ಪಾರ್ಕರ್, ಸ್ಟೋನ್ ಜೊತೆ ಕೂತು ಊರಿನ ಮೊದಲ ನಕ್ಷೆ ಬರೆದರು. ಸರಣಿ ಕಟ್ಟಿದವರಿಗೇ ತಮ್ಮ ಊರು ಹೇಗಿದೆ ಎಂದು ಆಗ ಗೊತ್ತಾಯಿತು ಎನ್ನಬಹುದು.

ಆಟದೊಳಗೆ ಕೆನಡಾಕ್ಕೂ ಒಂದು ದಾರಿ ಇದೆ. ಸರಣಿಯಲ್ಲಿ ಕೆನಡಾದವರನ್ನು ಸೌತ್ ಪಾರ್ಕಿನವರಿಗಿಂತಲೂ ಒರಟಾಗಿ ಬಿಡಿಸುವುದು ಹಳೆಯ ತಮಾಷೆ: ತಲೆ ಎರಡು ಹೋಳು, ಮಾತಾಡಿದರೆ ಮೇಲಿನ ಹೋಳು ಮುಚ್ಚಳದಂತೆ ಎದ್ದು ಬೀಳುತ್ತದೆ. ಆಟದಲ್ಲಿ ಇದಕ್ಕೆ ಸಮನಾದದ್ದೇನು? ಗಡಿ ದಾಟಿದ ಕ್ಷಣ ಇಡೀ ಪರದೆ 1980ರ ದಶಕದ ಜಪಾನಿ ಆಟಗಳ ಹಾಗೆ, ಮೇಲಿನಿಂದ ನೋಡಿದ ಚೌಕಚೌಕದ ನಕ್ಷೆಯಾಗಿಬಿಡುತ್ತದೆ. ಹುಡುಗ ಬೆರಳೆಣಿಕೆಯ ಚುಕ್ಕೆಗಳ ಗೊಂಬೆಯಾಗುತ್ತಾನೆ. ಸಂಗೀತವೂ ಹಳೆಯ ಯಂತ್ರದ ಕೀರಲು ದನಿಗೆ ಇಳಿಯುತ್ತದೆ. ಕಾರ್ಟೂನಿನ ಒರಟುತನಕ್ಕೆ ಆಟದ ಚರಿತ್ರೆಯೊಳಗಿಂದಲೇ ಜೋಡಿ ಹುಡುಕಿದ ಈ ಜಾಗ ಇಡೀ ರೂಪಾಂತರದ ಅತ್ಯಂತ ಜಾಣ ಭಾಗ.

ಚಿತ್ರ, ಊರು ಆದ ಮೇಲೆ ಹೊಡೆದಾಟದ ಪದ್ಧತಿ. ರೋಲ್ ಪ್ಲೇಯಿಂಗ್ ಆಟದ ಮೂಲ ಕಂಪ್ಯೂಟರಲ್ಲ, ಮೇಜು. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 1974ರಲ್ಲಿ ಪ್ರಕಟಿಸಿದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ನಲ್ಲಿ ನಾಲ್ಕಾರು ಮಂದಿ ಸುತ್ತ ಕೂತು ‘ನಾನು ಮಾಂತ್ರಿಕ, ನಾನು ಕಳ್ಳ’ ಎಂದು ಪಾತ್ರ ಹಿಡಿಯುತ್ತಾರೆ. ಪೆಟ್ಟು ತಗುಲಿತೋ ಇಲ್ಲವೋ ಎಂದು ದಾಳ ಹೇಳುತ್ತದೆ. ಕಂಪ್ಯೂಟರ್ ಆಟಗಳು ದಾಳದ ಲೆಕ್ಕವನ್ನು ಒಳಗಿಟ್ಟುಕೊಂಡವು. ಪಾರ್ಕರ್‌ಗೆ ಹಿಡಿಸಿದ್ದು ‘ಅರ್ತ್‌ಬೌಂಡ್’ನಂಥ ಹಳೆಯ ಜಪಾನಿ ಆಟಗಳ ಸರದಿ ಪದ್ಧತಿ. ಇವನು ಒಂದು ಪೆಟ್ಟು ಕೊಡುತ್ತಾನೆ, ಅವನು ಕಾಯುತ್ತಾನೆ. ಆಮೇಲೆ ಅವನ ಸರದಿ. ಯುದ್ಧದಲ್ಲಿ ಹೀಗೆ ಯಾರಾದರೂ ಸಾಲಿನಲ್ಲಿ ನಿಲ್ಲುತ್ತಾರೆಯೇ ಎಂಬ ಪ್ರಶ್ನೆಗೆ ಆಟ ಕಾರ್ಟ್‌ಮನ್‌ನ ಬಾಯಿಂದ ಉತ್ತರ ಕೊಡಿಸುತ್ತದೆ: ಹಿಂದಿನ ಕಾಲದಲ್ಲಿ ಹಾಗೆಯೇ ಹೊಡೆದಾಡುತ್ತಿದ್ದರು, ಸುಮ್ಮನೆ ನಿನ್ನ ಸರದಿ ಕಾಯಿ. ಇಲ್ಲಿ ನಡೆಯುತ್ತಿರುವುದು ಹಿತ್ತಲಿನಲ್ಲಿ ಮಕ್ಕಳು ರಾಜ-ಸೈನಿಕ ಆಡುವ ಆಟ. ಕಾರ್ಟ್‌ಮನ್ ಮನುಷ್ಯರ ಕಡೆಯ ಮಹಾಮಾಂತ್ರಿಕ, ಕೈಲ್ ಎಲ್ಫ್‌ಗಳ ದೊರೆ. ಇಬ್ಬರೂ ಕಿತ್ತಾಡುತ್ತಿರುವುದು ಒಂದು ಮಾಮೂಲಿ ಕಡ್ಡಿಗಾಗಿ, ಅದೇ ಆಟದ ಹೆಸರಿನಲ್ಲಿರುವ ‘ಸತ್ಯದಂಡ’. ನಿಯಮ ಕೃತಕವಾಗಿದ್ದಷ್ಟೂ ಮಕ್ಕಳ ಆಟಕ್ಕೆ ಹೊಂದುತ್ತದೆ, ಆದ್ದರಿಂದ ಸರದಿ ಪದ್ಧತಿಯ ಅಸಹಜತೆ ಇಲ್ಲಿ ಕಥೆಯ ಭಾಗವಾಗಿಬಿಟ್ಟಿತು.

ತಮಾಷೆಯ ಹೊದಿಕೆ ಸರಿಸಿದರೆ ಕೆಳಗಿರುವುದು ಶುದ್ಧ ಅಂಕಗಣಿತ. ಎದುರಾಳಿಗೆ ಎರಡು ಬಗೆಯ ರಕ್ಷಣೆ ಇರಬಹುದು. ಕವಚ ಪ್ರತಿ ಪೆಟ್ಟಿನಿಂದಲೂ ಒಂದಿಷ್ಟನ್ನು ಕಳೆಯುತ್ತದೆ. ಗುರಾಣಿ ಪೆಟ್ಟು ಎಷ್ಟೇ ದೊಡ್ಡದಿರಲಿ ಒಂದನ್ನು ಪೂರ್ತಿ ನುಂಗಿ ತಾನು ಒಡೆಯುತ್ತದೆ. ಲೆಕ್ಕದ ಅನುಕೂಲಕ್ಕೆ ಕವಚದ ಬೆಲೆ 10 ಎಂದಿಟ್ಟುಕೊಳ್ಳಬಹುದು. 15ರ ಮೂರು ಸಣ್ಣ ಪೆಟ್ಟು ಕೊಟ್ಟರೆ ಒಂದೊಂದರಲ್ಲೂ 10 ಹೋಗಿ ತಗುಲುವುದು ಒಟ್ಟು 15. ಅದೇ ಶಕ್ತಿಯನ್ನು ಒಟ್ಟುಗೂಡಿಸಿ 45ರ ಒಂದೇ ಪೆಟ್ಟು ಕೊಟ್ಟರೆ ತಗುಲುವುದು 35. ಎದುರಾಳಿಯ ಬಳಿ ಕವಚದ ಬದಲು ಎರಡು ಗುರಾಣಿ ಇದ್ದರೆ ಲೆಕ್ಕ ತಿರುಗಿ ನಿಲ್ಲುತ್ತದೆ: 45ರ ಪೆಟ್ಟು ಪೂರಾ ವ್ಯರ್ಥ, ಇನ್ನೊಂದು ಗುರಾಣಿ ಉಳಿದೇ ಇರುತ್ತದೆ, ಮೂರು ಸಣ್ಣ ಪೆಟ್ಟಿನಲ್ಲಿ ಮೊದಲೆರಡು ಗುರಾಣಿ ಒಡೆಯಲು ಹೋದರೂ ಮೂರನೆಯದು ತಗುಲುತ್ತದೆ. ಇದರ ಜೊತೆಗೆ ಎದುರಾಳಿ ಹಿಡಿಯುವ ಪಟ್ಟುಗಳು. ಒಂದು ಪಟ್ಟಿನಲ್ಲಿ ಹತ್ತಿರ ಹೋಗಿ ಹೊಡೆದವನಿಗೇ ಪೆಟ್ಟು ವಾಪಸು, ಇನ್ನೊಂದರಲ್ಲಿ ದೂರದಿಂದ ಎಸೆದದ್ದು ವಾಪಸು. ಪೆಟ್ಟು ಹೊರಡುವ ಸರಿಯಾದ ಗಳಿಗೆಗೆ ಗುಂಡಿ ಒತ್ತಿದರೆ ಬಲ ಹೆಚ್ಚುತ್ತದೆ. ಸರದಿ ಪದ್ಧತಿಯಲ್ಲಿ ಆಟಗಾರ ತೂಕಡಿಸದಂತೆ ನೋಡಿಕೊಳ್ಳುವ ಉಪಾಯ ಇದು.

ಸರಣಿಯ ಹೊಲಸು ಈ ಅಂಕಗಣಿತಕ್ಕೆ ಹೇಗೆ ಬೆರೆಯಿತು ಎಂಬುದು ಮುಖ್ಯ. ಬೇರೆ ಆಟಗಳಲ್ಲಿ ‘ವಿಷ’ ಎಂಬ ಸ್ಥಿತಿ ಇರುತ್ತದೆ. ವಿಷ ಏರಿದವನ ಜೀವ ಪ್ರತಿ ಸರದಿಯಲ್ಲೂ ತುಸು ಇಳಿಯುತ್ತದೆ. ಇಲ್ಲಿ ಅದರ ಜಾಗಕ್ಕೆ ಬಂದದ್ದು ‘ವಾಕರಿಕೆ’. ವಾಂತಿ ಮಾಡುತ್ತಿರುವವನು ಶಕ್ತಿವರ್ಧಕ ತಿಂಡಿ ತಿನ್ನಲಾರ ಎಂಬ ತರ್ಕವೂ ಜೊತೆಗೆ ಬಂತು. ಮಂತ್ರದ ಜಾಗದಲ್ಲಿ ಹೂಸು. ಯುದ್ಧದಲ್ಲಿ ಅದು ಅಸ್ತ್ರ; ಯುದ್ಧವಿಲ್ಲದಾಗ ಉರಿಯುವ ಬೆಂಕಿಯ ಕಡೆಗೆ ಬಿಟ್ಟರೆ ಸ್ಫೋಟವಾಗಿ ಮುಚ್ಚಿದ ದಾರಿ ತೆರೆಯುತ್ತದೆ. ಹೂಸಿನಲ್ಲಿ ಹೊತ್ತಿಕೊಳ್ಳುವ ಹೈಡ್ರೋಜನ್ ಮತ್ತು ಮೀಥೇನ್ ಇರಬಹುದು ಎಂಬುದು ರಸಾಯನಶಾಸ್ತ್ರಕ್ಕೂ ಒಪ್ಪಿತವೇ. ಗೋಡೆ ಉರುಳಿಸುವಷ್ಟಲ್ಲ ಎಂಬುದು ಬೇರೆ ಮಾತು. ಒಮ್ಮೆ ಕೇಳಿ ನಗುವ ಹಾಸ್ಯ ಹತ್ತನೇ ಸಲ ಸತ್ತುಹೋಗುತ್ತದೆ, ಆಟದಲ್ಲಿಯೋ ಅದೇ ಕೆಲಸ ನೂರಾರು ಸಲ ಮಾಡಬೇಕು. ಹಾಸ್ಯವನ್ನು ಉಪಕರಣ ಮಾಡಿಬಿಟ್ಟರೆ ಆ ತೊಡಕು ಬಹಳಮಟ್ಟಿಗೆ ಸಡಿಲವಾಗುತ್ತದೆ. ನೂರನೇ ಸಲ ಯಾರೂ ನಗುವುದಿಲ್ಲ, ಆದರೆ ದಾರಿ ತೆರೆಯಿತಲ್ಲ ಎಂಬ ಸಮಾಧಾನ ಇರುತ್ತದೆ. ಊರಿನವರನ್ನು ಸ್ನೇಹಿತರ ಪಟ್ಟಿಗೆ ಸೇರಿಸಿಕೊಂಡಷ್ಟೂ ಹೊಸ ಶಕ್ತಿ ಸಿಗುವ ಏರ್ಪಾಡು ಕೂಡ ಇದೇ ಜಾತಿಯದು: ಫೇಸ್‌ಬುಕ್‌ನ ಗೇಲಿಯೂ ಹೌದು, ಆಟಗಾರ ಪ್ರತಿ ಮೂಲೆಗೂ ಹೋಗುವಂತೆ ಮಾಡುವ ಎಳೆಯೂ ಹೌದು.

ಆಟಗಾರನ ಪಾತ್ರ ಊರಿಗೆ ಹೊಸದಾಗಿ ಬಂದ, ಬಾಯಿಬಿಡದ ಹುಡುಗ. ಹೆಸರು ಕೇಳಲಾಗುತ್ತದೆ, ಏನು ಟೈಪ್ ಮಾಡಿದರೂ ಕಾರ್ಟ್‌ಮನ್ ತನ್ನ ಆಯ್ಕೆಯ ಒಂದು ಬೈಗುಳವನ್ನೇ ಹೆಸರಾಗಿ ಇಡುತ್ತಾನೆ. ರೋಲ್ ಪ್ಲೇಯಿಂಗ್ ಆಟಗಳು ಆಟಗಾರನಿಗೆ ಕೊಡುವ ದೊಡ್ಡ ಭರವಸೆ ‘ನಿನ್ನ ಆಯ್ಕೆಗೆ ಬೆಲೆ ಇದೆ’ ಎಂಬುದು. ಆ ಭರವಸೆಯನ್ನು ಮೊದಲ ಕೆಲವೇ ನಿಮಿಷಗಳಲ್ಲಿ ಕಾಲಕಸ ಮಾಡಿದ್ದು ಈ ಸರಣಿಯ ಜಾಯಮಾನಕ್ಕೆ ತಕ್ಕದ್ದೇ. ಪಾತ್ರದ ವರ್ಗಗಳು ನಾಲ್ಕು: ಯೋಧ, ಮಾಂತ್ರಿಕ, ಕಳ್ಳ, ಯಹೂದಿ. ಕೊನೆಯದು ಕಾರ್ಟ್‌ಮನ್‌ನ ಯಹೂದಿ ದ್ವೇಷವನ್ನು ಹಂಗಿಸಲು ಇಟ್ಟದ್ದು. ಅದು ಹಂಗಿಸುತ್ತದೆಯೋ ಸುಮ್ಮನೆ ಮರುನುಡಿಯುತ್ತದೆಯೋ ಎಂಬ ಜಗಳ ಸರಣಿಯಷ್ಟೇ ಹಳೆಯದು. ಮೌನಿಯ ಉಪಯೋಗ ಬೇರೆಯೇ ಇದೆ. ನಗಿಸುವವರು ಸರಣಿಯ ಹಳೆಯ ಪಾತ್ರಗಳು. ಆಟಗಾರನ ಬಾಯಿಗೆ ಮಾತು ಕೊಟ್ಟಿದ್ದರೆ ಹಾಸ್ಯದ ಲಯ ಅವನ ಕೈಗೆ ಹೋಗಿ ಹಾಳಾಗುತ್ತಿತ್ತು.

ಆರು ದಿನದಲ್ಲಿ ಕಂತು ಮುಗಿಸುವ ಇಬ್ಬರು ಐದು ವರ್ಷದ ಕೆಲಸದಲ್ಲಿ ಸಿಕ್ಕಿಕೊಂಡದ್ದಂತೂ ದುಡಿದವರೆಲ್ಲರ ತಾಳ್ಮೆ ಪರೀಕ್ಷಿಸಿತು. ಟಿವಿಯಲ್ಲಿ ಕೊನೆಯ ರಾತ್ರಿ ಒಂದು ದೃಶ್ಯ ಕಿತ್ತುಹಾಕಿದರೆ ಹೋಗುವುದು ಕೆಲವು ಗಂಟೆಯ ಶ್ರಮ. ಆಟದಲ್ಲಿ ಒಂದು ದೃಶ್ಯ ಕಿತ್ತರೆ ಅದರ ಹಿಂದಿನ ನಕ್ಷೆ, ಎದುರಾಳಿ, ಲೆಕ್ಕ, ದನಿ ಎಲ್ಲವೂ ಹೋಗುತ್ತವೆ. ಮೇಲೆ ಹಣದ ಕಾಟ. ಪ್ರಕಾಶಕ ಕಂಪನಿ ಟಿಎಚ್‌ಕ್ಯು 2012ರ ಡಿಸೆಂಬರ್‌ನಲ್ಲಿ ದಿವಾಳಿ ಅರ್ಜಿ ಹಾಕಿತು. ಮರುತಿಂಗಳ ಹರಾಜಿನಲ್ಲಿ ಯೂಬಿಸಾಫ್ಟ್ ಎಂಬ ಇನ್ನೊಂದು ಕಂಪನಿ ಸುಮಾರು 32 ಲಕ್ಷ ಡಾಲರಿಗೆ ಈ ಆಟವನ್ನು ಕೊಂಡಿತು. 2013ರ ಮಾರ್ಚ್‌ಗೆ ಎಂದಿದ್ದ ಬಿಡುಗಡೆ ಡಿಸೆಂಬರಿಗೆ, ಅಲ್ಲಿಂದ 2014ರ ಮಾರ್ಚ್ 4ಕ್ಕೆ ಹೋಯಿತು. ಅಷ್ಟರೊಳಗೆ, 2013ರ ನವೆಂಬರ್‌-ಡಿಸೆಂಬರ್‌ನಲ್ಲಿ, ಸರಣಿಯ ಮೂರು ಕಂತುಗಳಲ್ಲಿ ಹುಡುಗರು ಆಟದ ವೇಷಗಳಲ್ಲೇ ಕಾಣಿಸಿಕೊಂಡರು.

ಬಿಡುಗಡೆಯ ಹೊತ್ತಿಗೆ ಸೆನ್ಸಾರ್ ತಕರಾರು. ಯುರೋಪಿನ ಗೇಮ್ ಕನ್ಸೋಲ್‌ಗಳಲ್ಲೂ ಆಸ್ಟ್ರೇಲಿಯಾದಲ್ಲೂ ಗುದಪರೀಕ್ಷೆ, ಗರ್ಭಪಾತಗಳ ಕೆಲವು ದೃಶ್ಯ ತೆಗೆಯಬೇಕಾಯಿತು. ತೆಗೆದ ಜಾಗ ಖಾಲಿ ಬಿಡಲಿಲ್ಲ: ಯುರೋಪಿನವರಿಗೆ ಹಣೆಗೆ ಕೈ ಹಚ್ಚಿಕೊಂಡ ಶಿಲಾಮೂರ್ತಿ, ಆಸ್ಟ್ರೇಲಿಯಾದವರಿಗೆ ಅಳುವ ಕೋಲಾ, ಜೊತೆಗೆ ತೆಗೆದದ್ದೇನೆಂದು ವಿವರವಾಗಿ ಬರೆದ ಪಠ್ಯ. ಓದಿದರೆ ನೋಡಿದ್ದಕ್ಕಿಂತ ಹೆಚ್ಚು ಮುಜುಗರ. ಜರ್ಮನಿಯಲ್ಲಿ ನಾಜಿ ಚಿಹ್ನೆಗಳ ಮೇಲಿನ ನಿರ್ಬಂಧದಿಂದಾಗಿ ಬಿಡುಗಡೆಯೇ ತಡವಾಯಿತು.

ವಿಮರ್ಶಕರು ಮೆಚ್ಚಿದರು, ಆಟ ಚೆನ್ನಾಗಿ ಮಾರಾಟವಾಯಿತು. 2017ರ ಅಕ್ಟೋಬರ್‌ನಲ್ಲಿ ಬಂದ ಮುಂದಿನ ಭಾಗ ‘ದ ಫ್ರ್ಯಾಕ್ಚರ್ಡ್ ಬಟ್ ಹೋಲ್’ ಅನ್ನು ಕಟ್ಟಿದ್ದು ಯೂಬಿಸಾಫ್ಟ್‌ನ ಸ್ಯಾನ್ ಫ್ರಾನ್ಸಿಸ್ಕೊ ಶಾಖೆ. ರಾಜ-ಮಾಂತ್ರಿಕರ ಬದಲು ಸೂಪರ್‌ಹೀರೊಗಳು ಬಂದರು. ಯುದ್ಧ ಚದುರಂಗದ ಮನೆಗಳಂಥ ಅಂಕಣಕ್ಕೆ ಹೋಯಿತು. ಚಪ್ಪಟೆ ಕಾಗದ ಮಾತ್ರ ಹಾಗೇ ಉಳಿಯಿತು. ಆಟದ ಕಷ್ಟದ ಮಟ್ಟ ಆರಿಸುವ ಪಟ್ಟಿಯಲ್ಲಿ ‘ಸುಲಭ’ದಿಂದ ‘ಕಷ್ಟ’ದ ಕಡೆಗೆ ಸರಿದಂತೆ ಹುಡುಗನ ಮೈಬಣ್ಣ ಕಪ್ಪಾಗುತ್ತ ಹೋಗುತ್ತದೆ. ಯುದ್ಧ ಕಷ್ಟವಾಗುವುದಿಲ್ಲ, ಸಿಗುವ ಹಣವೂ ಜನ ಮಾತಾಡಿಸುವ ರೀತಿಯೂ ಬದಲಾಗುತ್ತವೆ. ಒಂದು ಸೆಟ್ಟಿಂಗ್ ಗುಂಡಿಯಲ್ಲಿ ಇಷ್ಟು ಹೇಳಿದ ಆಟಗಳು ಕಡಿಮೆ.

2024ರ ಮಾರ್ಚ್‌ನಲ್ಲಿ ಬಂದ ‘ಸ್ನೋ ಡೇ’ ಬೇರೆ ಕಂಪನಿಯದು. ಅದರಲ್ಲಿ ನಾಲ್ವರು ಆಟಗಾರರು ಒಟ್ಟಿಗೆ ಹಿಮದಲ್ಲಿ ಓಡಾಡುತ್ತ ಹೊಡೆದಾಡುತ್ತಾರೆ. ಸರದಿ ಇಲ್ಲ, ಊರಿನ ಬೀದಿ ಸುತ್ತುವುದಿಲ್ಲ. ಹುಡುಗರು ಮತ್ತೆ ಮೂರು ಆಯಾಮದ ಗುಂಡು ಬೊಂಬೆಗಳಾದರು, ಕ್ಯಾಮೆರಾ ಅವರ ಬೆನ್ನ ಹಿಂದೆ ನಿಂತಿತು. ಹಿಂದಿನ ಎರಡು ಆಟಗಳಿಗೆ ಸಿಕ್ಕಷ್ಟು ಮೆಚ್ಚುಗೆ ಇದಕ್ಕೆ ಸಿಗಲಿಲ್ಲ.